ಅರ್ಧ ಚಮಚ

...ಅಲ್ಲಮ್ಮ, ಚಮಚ ಅಂದ್ರೆ ಚಮಚ ತಾನೇ! ಅದಕ್ಕೂ ತಕ್ಕಡಿ ಬೇಕಾ? ನಾವೇನು ಚಿನ್ನದಂಗಡಿ ಇಟ್ಟಿದೀವಾ? ನಗ್ಬೇಡ. ಓ... ನಗ್ತಿಲ್ವಾ. ಸರಿ ಬಿಡು.

ತೂಗು, ತೂಗು. ಅಪ್ಪನ ಅಡುಗೆಮನೆಗೆ ಮಗಳು ತಪಾಸಣೆಗೆ ಬರೋ ಕಾಲ ಬಂತಲ್ಲ! ಎಷ್ಟು ತೋರಿಸ್ತಿದೆ? ಅರ್ಧ ಚಮಚ ಉಪ್ಪಿಗೆ ಮೂರು ಗ್ರಾಂ. ಹೌದಾ? ಡಾಕ್ಟರು ಇಡೀ ಪಾತ್ರೆಗೆ ಎರಡೇ ಅಂದಿದ್ರು. ಅದನ್ನ ಲೆಕ್ಕ ಹಾಕಿ 'ಅರ್ಧ ಚಮಚ ಹಾಕಪ್ಪ' ಅಂದೋಳು ನೀನು ತಾನೇ? ಆಗ ಮನೇಲಿದ್ದಿದ್ದು ಕಲ್ಲುಪ್ಪು. ಆಮೇಲೆ ನಾನು ಪುಡಿ ಉಪ್ಪು ತಂದೆ. ಹರಳಾದ್ರೆ ನಡುವೆ ಸಂದು ಇರುತ್ತೆ, ಪುಡಿ ಒತ್ತಾಗಿ ಕೂತ್ಕೊಳ್ಳುತ್ತೆ. ಅದೇ ಚಮಚ, ತೂಕ ಜಾಸ್ತಿ! ನೋಡು, ಸಿಕ್ಕಿಬಿದ್ದ ಕಳ್ಳ!

ಯಾಕೆ ಹಂಗೆ ನೋಡ್ತೀಯ? ಒಂದು ಗ್ರಾಮಿಗೆ ಅಮ್ಮನ ಕಾಲು ಅಷ್ಟು ಊದುತ್ತಾ ಅಂತಾನಾ? ನಂಗೇನು ಗೊತ್ತು, ಬಟ್ಟೆ ಹೊಲಿಯೋನು ನಾನು. ಹೃದಯ ಸೋತೋರಿಗೆ ಊದುತ್ತೋ ಏನೋ... ಅದೂ ಅಲ್ದೆ, ನಿಮ್ಮಮ್ಮನೇ ಒಪ್ಕೊಂಡ್ಲಲ್ಲ! ಆಸ್ಪತ್ರೇಲಿ, ನಿನ್ನೆದುರಿಗೇ. 'ನಾನೇ ಕದ್ದು ಉದುರಿಸ್ಕೋತಿದ್ದೆ ಡಾಕ್ಟ್ರೇ, ಇವರದ್ದೇನೂ ತಪ್ಪಿಲ್ಲ' ಅಂತ. ಚಿಕ್ಕ ಮಗು ಥರ ಬೈಸ್ಕೊಂಡ್ಲು ಪಾಪ. ನಾಲಿಗೆ ಚಪಲ ಯಾರನ್ನ ಬಿಟ್ಟಿದೆ ಹೇಳು...

ಅದಕ್ಕೇ ಅಂತೀನಿ, ನಾಳೆ ಆಸ್ಪತ್ರೆಯಿಂದ ಅವಳು ಇಲ್ಲಿಗೇ ಬರ್ಲಿ ಪುಟ್ಟಿ. ನಿಮ್ಮನೆಗೆ ಬೇಡ. ಇಲ್ಲಿ ಅವಳ ಮಂಚ, ಅವಳ ಕಿಟಕಿ... ನಾನೊಬ್ಬನೇ ಇಲ್ಲಿ ಏನ್ಮಾಡ್ಲಿ? ಇನ್ಮೇಲೆ ಎಲ್ಲ ತೂಕದಲ್ಲೇ. ನಿನ್ನಾಣೆ!

ಏನು? ಈಗ್ಲೇ? ದಿನಾ ಹಾಕೋ ಹಾಗೇ ಹಾಕ್ಬೇಕಾ? ಓಹೋ, ಪಾತ್ರೆ ತಕ್ಕಡಿ ಮೇಲಿಟ್ಟು ಸೊನ್ನೆ ಬೇರೆ ಮಾಡ್ಕೊಂಡಿದೀಯ. ಜಾಣೆ. ಹಾಕ್ತೀನಿ, ಅದಕ್ಕೇನಂತೆ! ಬೇಳೆ ಬೆಂದಿದೆ. ಇಗೋ ಅರ್ಧ ಚಮಚ... ಬೆರಳಲ್ಲಿ ಸವರಿ ಮಟ್ಟ ಮಾಡಿದೀನಿ, ನೋಡ್ಕೋ. ಹಾಕಿದೆ. ಮೂರು. ಆಯ್ತಲ್ಲ? ಸ್ವಲ್ಪ ಕಲಕ್ತೀನಿ... ಅಂಗೈಗೆ ಒಂದು ತೊಟ್ಟು... ಥೂ, ಸಪ್ಪೆ! ಇದನ್ನ ಯಾರು ತಿಂತಾರೆ, ಇನ್ನೊಂಚೂರು...

...

ಏಳು. ಏಳು ಗ್ರಾಂ ಅಂತಿದೆ ತಕ್ಕಡಿ.

ಕೈ ತಾನಾಗೇ ಹೋಯ್ತು ಕಣೇ. ಅಲ್ಲ, ಅವಳಿಗೋಸ್ಕರ! ಸಪ್ಪೆ ಇದ್ರೆ ಅವಳು ತಟ್ಟೆ ತಳ್ಳಿಬಿಡ್ತಾಳೆ ಅಂತ... ಏನಾದ್ರೂ ಅನ್ನು. ಬೈದುಬಿಡು. ಹಂಗೆ ಸುಮ್ನೆ ನಿಂತ್ಕೋಬೇಡ, ನಿಮ್ಮಮ್ಮನೂ ಹಿಂಗೇ...

ತಳ್ಳಿಲ್ಲ. ಒಂದಿನಾನೂ ತಳ್ಳಿಲ್ಲ. ಮೊದಮೊದಲು ಸಪ್ಪೇದೇ ತಿಂತಿದ್ಲು, ಗೊಣಗ್ದೆ. ಗಂಟಲಲ್ಲಿ ಇಳೀದೇ ಇದ್ದಿದ್ದು ನನಗೆ. 'ಅವಳು ಸಪ್ಪೆ ತಿಂದ್ರೆ ನಾನೂ ಸಪ್ಪೆ' ಅಂತ ನಿಮ್ಮೆಲ್ಲರ ಮುಂದೆ ಜಂಬ ಕೊಚ್ಕೊಂಡಿದ್ನಲ್ಲ! ಆಮೇಲೆ ಅವಳೆದುರಿಗೇ ನನ್ನ ತಟ್ಟೆಗೆ ಉಪ್ಪು ಹಾಕ್ಕೊಳ್ಳೋಕೆ ನಾಚಿಕೆ ಆಯ್ತು ಪುಟ್ಟಿ. ಪಾತ್ರೆಗೇ ಹಾಕ್ಬಿಟ್ಟೆ. ಮೊದಲನೇ ತುತ್ತಿಗೇ ಅವಳಿಗೆ ಗೊತ್ತಾಯ್ತು. ನನ್ನ ಮುಖ ನೋಡಿದ್ಲು... ತಿಂದ್ಲು.

ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ತಿಂದೋನು ನಾನು, ನೀರು ತುಂಬ್ಕೊಂಡಿದ್ದು ಅವಳ ಕಾಲಲ್ಲಿ.

ಅವಳನ್ನ ನಿಮ್ಮನೆಗೇ ಕರ್ಕೊಂಡ್ಹೋಗು. ಹೂಂ, ಕರ್ಕೊಂಡ್ಹೋಗು. ಅವತ್ತು ಡಾಕ್ಟರು ಬೈದು ಹೊರಗೆ ಹೋದ್ರಲ್ಲ, ನೀನೂ ಔಷಧಿ ತರೋಕೆ ಅಂತ ಹೋದೆ. ಆಗ ನಾನು... ನಾನು ಅವಳ ಮಂಚದ ಪಕ್ಕ ಕೂತ್ಕೊಂಡು, 'ಹಿಂಗೆಲ್ಲ ಕದ್ದು ತಿನ್ಬಾರ್ದು ಕಣೇ' ಅಂತ ಅವಳಿಗೇ ಬುದ್ಧಿ ಹೇಳ್ದೆ. ಅವಳು 'ಆಯ್ತು ರೀ' ಅಂದ್ಲು.