ಹಗೇವಿನೊಳಗಿನ ಉಸಿರು

ಕರಿ ಮಣ್ಣಿನ ಸೀಮೆಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಕೆಟ್ಟವನಲ್ಲ, ನೋಡಿ. ಹಸಿದು ಬಂದವರನ್ನು ಬರಿಗೈಲಿ ಕಳಿಸಿದವನಲ್ಲ. ಅಂಗಳದ ಅಡಿಯಲ್ಲಿ ಅವನ ಹಗೇವು, ನೆಲದೊಳಗಿನ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ.

ಒಮ್ಮೆ, ಮರುದಿನ ಅವನ ಮನೆಯಲ್ಲಿ ಅನ್ನದಾನ ಇತ್ತು. ಜೋಳ ಬೀಸುವವರು ಬಂದು ಕಾದಿದ್ದರು. ಆಳು ಭರಮಪ್ಪ ಹಗೇವಿನ ಕಲ್ಲು ಸರಿಸಿ ಅಂಚಿನಲ್ಲೇ ಕುಳಿತ.

"ಇಳಿಯೋ ಭರಮ್ಯಾ," ಅಂದ ಸಾಹುಕಾರ.

"ಈಗಷ್ಟ ಬಾಯಿ ತೆರದೇವ್ರಿ, ಧಣ್ಯಾರ. ಸಂಜಿತನಾ ಗಾಳಿ ಆಡ್ಲಿ. ದೀಪಾ ಇಳಿಬಿಟ್ಟು ನೋಡೂಣು."

"ನಾಳಿ ಮಂದಿ ಏನ್ ತಿನ್ನಬೇಕಲೇ, ನಿನ್ನ ದೀಪಾನ? ಹೇಂತಿ ಬಿಟ್ಟು ಇಳಿಯಾಕ ಅಂಜತಿಯೇನು?"

ಸುತ್ತಲಿದ್ದವರು ನಕ್ಕರು. ಭರಮಪ್ಪನೂ ನಕ್ಕ. ಬೀಸಲು ಬಂದು ಬಿಸಿಲಲ್ಲಿ ಕುಳಿತಿದ್ದ ಒಬ್ಬ ಮುದುಕಿಯ ತಲೆಗೆ ತನ್ನ ರುಮಾಲು ಹೊದಿಸಿ, ಹಗ್ಗ ಹಿಡಿದು ಇಳಿದ.

ಹಗ್ಗ ಒಮ್ಮೆ ಅಲುಗಿತು. ಮತ್ತೆ ಅಲುಗಲಿಲ್ಲ. ಬೀಸುವವರ ಜೊತೆ ಬಂದಿದ್ದ ಅವನ ಹೆಂಡತಿ ಹಿಂದೆಯೇ ಧುಮುಕಲು ಹೋದಳು. ಅದೇ ಮುದುಕಿ ಅವಳ ಸೊಂಟ ತಬ್ಬಿ ಹಿಡಿದಳು, ಬಿಡಲೇ ಇಲ್ಲ.

ಒಳಗೆ ಏನಿತ್ತು? ಹಾವಿತ್ತೇ? ಭೂತವಿತ್ತೇ? ಜೋಳವಿತ್ತು, ಅಷ್ಟೆ. ಕಾಳಿಗೂ ಜೀವ ಇದೆ, ತಾಯಂದಿರೇ. ಅದರ ಒಂದೊಂದು ಜೀವಕೋಶವೂ ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಆಮ್ಲಜನಕ ಸೇರಿಸಿ, ಜ್ವಾಲೆಯಿಲ್ಲದೆ ಮೆಲ್ಲಗೆ ಉರಿಸುತ್ತದೆ. ಆ ಶಕ್ತಿಯಿಂದ ಬದುಕುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಾವೂ ಹಾಗೆಯೇ. ತಿಂದ ರೊಟ್ಟಿ ತೋಳಿನ ಬಲವಾಗಬೇಕಾದರೆ ಉಸಿರು ನಮ್ಮ ಕೋಶಕೋಶವನ್ನೂ ಮುಟ್ಟಬೇಕು. ಮುಚ್ಚಿದ ಹಗೇವಿನಲ್ಲಿ ಕಾಳು ಒಳ್ಳೆಯ ಗಾಳಿಯನ್ನೆಲ್ಲ ತೀರಿಸಿತ್ತು. ಭರಮಪ್ಪ ಅಂದು ಬೆಳಿಗ್ಗೆ ಹೊಟ್ಟೆ ತುಂಬ ಉಂಡಿದ್ದ, ಸಾಹುಕಾರನ ಮನೆಯ ರೊಟ್ಟಿಯನ್ನೇ. ಅದು ಅವನಿಗೆ ಹಗ್ಗ ಹಿಡಿಯುವಷ್ಟು ಬಲವನ್ನೂ ಕೊಡಲಿಲ್ಲ.

ಸಂಜೆ ದೀಪ ಇಳಿಬಿಟ್ಟರು. ಆರದೆ ಉರಿಯಿತು. ಆಮೇಲೆ ಅವನ ಹೆಣವನ್ನು ಮೇಲೆ ತಂದರು. ನೋಡಿ, ಕೊನೆಗೆ ಸಂಜೆಯೇ ಆಯಿತು. ಅವನು ಕೇಳಿದ್ದೂ ಅಷ್ಟೇ ಹೊತ್ತು.

ಸಾಹುಕಾರ ಅನ್ನ ಕೊಟ್ಟ, ಉಸಿರು ಕೊಡಲಿಲ್ಲ. ನಾವು? ಬಾವಿಗೆ, ಟ್ಯಾಂಕಿಗೆ ಯಾರನ್ನೋ ಇಳಿಸಿ, ಊಟ ಕೊಡ್ತೀವಲ್ಲ ಅನ್ನುವವರೇ ಅಲ್ಲವೇ? ಈಗ ಪ್ರವಚನ ಮುಗಿದ ಮೇಲೆ ನಿಮಗೆಲ್ಲ ಮಠದಲ್ಲಿ ಪ್ರಸಾದ ಇದೆ. ಹಿಂದಿನ ಕೋಣೆಯಲ್ಲಿ, ಹೊಗೆಯಲ್ಲಿ, ಬೆಳಗಿನಿಂದ ಹೆಣ್ಣುಮಕ್ಕಳು ಬೇಯಿಸುತ್ತಿದ್ದಾರೆ. ಎಲೆ ಹಾಕುವ ಮೊದಲು ಅವರನ್ನು ಹೊರಗೆ ಕರೆದು ಗಾಳಿಗೆ ಕೂರಿಸಿ. ಊಟ ತಡವಾದರೆ ಆಗಲಿ. ನಾಳೆ ನಿಮ್ಮ ಮನೆ ಕೆಲಸಕ್ಕೆ ಬಂದವರು "ಸ್ವಲ್ಪ ತಡೀರಿ" ಅಂದರೆ, ನಗಬೇಡಿ. ತಡೆಯಿರಿ.