ಎರಡು ಗಂಟೆಯ ಜ್ವರ

ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯ ರಕ್ತಪರೀಕ್ಷೆಯ ವರದಿಗೆ ಕಾಯುತ್ತಿದ್ದ ಸೊಸೆಯ ಪಕ್ಕದಲ್ಲಿ ಇಬ್ಬರು ನರ್ಸುಗಳು ಬಂದು ಕುಳಿತರು. ಹಿರಿಯಳ ಕೈಯಲ್ಲಿ ಊಟದ ಡಬ್ಬಿ, ಕಿರಿಯಳ ಕೈಯಲ್ಲಿ ಥರ್ಮಾಮೀಟರ್.

“ಮೊನ್ನೆ ನಮ್ಮೆಲ್ಲರ ಮಾನ ತೆಗೆದೆಯಲ್ಲೇ,” ಎಂದಳು ಹಿರಿಯಳು.

“ನಾನು ಯಾರ ಹೆಸರೂ ಎತ್ತಲಿಲ್ಲ ಅಕ್ಕ. ಜ್ವರ ನೋಡೋಕಾಗದೆ ಇದ್ದ ಮೂವರ ಚಾರ್ಟ್ ಖಾಲಿ ಬಿಟ್ಟೆ, ಅಷ್ಟೆ.”

“ಅಷ್ಟೇ ಸಾಕಾಯ್ತು. ಮೇಟ್ರನ್ ಮೇಡಂ ನಾವೆಲ್ಲ ಬರೆದ ಚಾರ್ಟೂ ಕೆದಕಿದ್ರು. ಮಧ್ಯಾಹ್ನ ಮಲಗಿರೋರನ್ನ ಎಬ್ಬಿಸಿ ಯಾರೇ ಜ್ವರ ನೋಡ್ತಾರೆ? ಬೆಳಿಗ್ಗೆ ಇದ್ದದ್ದನ್ನೇ ಬರೆಯೋದು.”

“ಬೆಳಿಗ್ಗೆ ಯೇಸುವಿನ ಮುಂದೆ ಮೊಣಕಾಲೂರಿ ಬಂದಿರ್ತೀನಿ. ಸುಳ್ಳು ಬರೆಯೋಕೆ ಕೈ ಬರಲ್ಲ.”

“ಓಹೋ, ಭಕ್ತಿಯನ್ನ ನೀನೊಬ್ಬಳೇ ಗುತ್ತಿಗೆ ಹಿಡಿದಿದ್ದೀಯಾ? ನಾನೂ ಅದೇ ಚರ್ಚಿಗೆ ಬರೋಳು.”

“ಹೌದು, ಭಾನುವಾರ ನನ್ನ ಪಕ್ಕದಲ್ಲೇ ಕೂರ್ತೀರಿ. ಊಟಕ್ಕೆ ಯಾಕೆ ಕೂರಲ್ಲ ಅಕ್ಕ?”

ಹಿರಿಯಳು ಡಬ್ಬಿಯ ಕೊಂಡಿಯನ್ನು ತೆಗೆದು ಮತ್ತೆ ಹಾಕಿದಳು.

“ಅವರೆಲ್ಲ ಒಂದಾಗಿದ್ದಾರೆ ಕಣೇ, ನಾನೊಬ್ಬಳು ಏನ್ ಮಾಡ್ಲಿ? ಇವತ್ತೊಂದಿನ ಎಲ್ಲರ ಹಾಗೆ ಬರೆದುಬಿಡು. ನಾನೇ ಕರೆದು ಕೂರಿಸ್ಕೋತೀನಿ.”

“ಎರಡು ಗಂಟೆ ಆಯ್ತು. ನೀವು ಊಟ ಮಾಡಿ ಅಕ್ಕ.”

ಹಿರಿಯಳು ಎದ್ದು ಹೋಗಿ ಊಟದ ಕೋಣೆಯ ಬಾಗಿಲು ತೆರೆದಾಗ ಒಳಗಿನ ನಗು ಕೇಳಿಸಿತು, ಮುಚ್ಚಿದಾಗ ನಿಂತಿತು. ಕಿರಿಯಳು ಆ ಬಾಗಿಲನ್ನೇ ಒಂದು ಗಳಿಗೆ ನೋಡಿ, ಎದ್ದು ವಾರ್ಡಿನೊಳಗೆ ಹೋದಳು. ಮೊದಲ ಮಂಚವೇ ಅತ್ತೆಯದು. ಅವರು ಸಿಡುಕಿದ್ದು ಹೊರಗೆ ಕುಳಿತ ಸೊಸೆಗೂ ಕೇಳಿಸಿತು.

“ಇಷ್ಟು ಜನ ನರ್ಸುಗಳಿದ್ದಾರೆ. ನಿದ್ದೆ ಕೆಡಿಸೋಳು ನೀನೊಬ್ಬಳೇ ಕಣಮ್ಮ!”