ಅಗಲದ ಬೆರಳು

ಕದ್ದು ಕೇಳುವ ಚಾಳಿ ದರ್ಜಿಗೆ ಇರಲಿಲ್ಲ. ಆದರೆ ಡಾಕ್ಟರ ಕೋಣೆಯ ಹೊರಗೆ, ಮೊಣಕೈ ತಾಗುವಷ್ಟು ಹತ್ತಿರ ಕೂತ ಅಕ್ಕತಂಗಿಯರ ಮಾತಿಗೆ ಕಿವಿ ಮುಚ್ಚಿಕೊಳ್ಳುವುದಾದರೂ ಹೇಗೆ?

“ಯೋಗದ ಕ್ಲಾಸಲ್ಲಿ ಎಲ್ಲರೂ ಕಾಲ್ಬೆರಳನ್ನ ಬೀಸಣಿಗೆ ಥರ ಅಗಲಿಸಿದ್ರು ಕಣೇ. ನನ್ನ ಎಡಗಾಲಿಂದು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ.”

“ಅಭ್ಯಾಸ ಇಲ್ಲ ಅಷ್ಟೇ, ಅಕ್ಕಾ. ನಂದೂ ಅಗಲಲ್ಲ.”

“ಆಮೇಲೆ ಟೀಚರ್ ಕಣ್ಣು ಮುಚ್ಚಿಸಿ, ಯಾವ ಬೆರಳು ಮುಟ್ಟಿದೀನಿ ಹೇಳಿ ಅಂದ್ರು. ಮೊದಲು ಮುಟ್ಟಿ ಮೇಡಂ, ಆಮೇಲೆ ಹೇಳ್ತೀನಿ ಅಂದೆ. ಎಲ್ಲರೂ ನಕ್ಕರು.”

“ಟೀಚರೂ ನಕ್ಕರಾ?”

“ಇಲ್ಲ. ಬೆರಳು ಅವರ ಕೈಯಲ್ಲೇ ಇತ್ತು.”

ಅಕ್ಕ ದನಿ ತಗ್ಗಿಸಿದಳು.

“ಅಪ್ಪಂಗೂ ಹೀಗೇ ಅಲ್ವೇನೇ ಶುರುವಾಗಿದ್ದು?”

“ಬಿಡ್ತು ಅನ್ನು! ಅಪ್ಪ ಸಕ್ಕರೆ ಕಾಯಿಲೆ ಮುಚ್ಚಿಟ್ಟು ಕಾಲು ಕಳ್ಕೊಂಡ್ರು. ನೀನು ತೋರಿಸೋಕೆ ಬಂದಿದೀಯಲ್ಲ.”

“ನಿಮ್ಮ ಭಾವಂಗೆ ಮಾತ್ರ ಹೇಳ್ಬೇಡ.”

ನರ್ಸ್ ಕರೆದಳು. ತಂಗಿ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು.

ದರ್ಜಿ ಕೆಳಗೆ ನೋಡಿದ. ಅಕ್ಕನ ಎಡಗಾಲಿನ ಚಪ್ಪಲಿ ಬೆಂಚಿನ ಮುಂದೆಯೇ ಬಿದ್ದಿತ್ತು. ಅದು ಕಾಲಿಂದ ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.